ಕೊಡದ ಲೆಕ್ಕ

ಹನ್ನೊಂದು ವರ್ಷ ನಾನು ಸೇವೆಗೆ ಗಂಟೆ ಹಾಕಿದೆ. ಗುಡಿಯ ಗಂಟೆ ಅಂದುಕೊಳ್ಳಬೇಡಿ, ಗಡಿಯಾರದ್ದು. ರಾಯಚೂರು ಜಿಲ್ಲೆಯ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುತ್ತ, ಜೊತೆಗೆ ರಾಷ್ಟ್ರೀಯ ಸೇವಾ ಯೋಜನೆಯ ಕಾರ್ಯಕ್ರಮಾಧಿಕಾರಿಯಾಗಿದ್ದೆ. ಎನ್ನೆಸ್ಸೆಸ್ ಅಂದರೆ ಬೇಗ ತಿಳಿಯುತ್ತದೆ. ಒಂದು ಘಟಕಕ್ಕೆ ನೂರು ಹುಡುಗ ಹುಡುಗಿಯರು. ಒಬ್ಬೊಬ್ಬರಿಗೂ ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240. ಅವರಲ್ಲಿ ಐವತ್ತು ಮಂದಿ ಏಳು ದಿನ ಯಾವುದಾದರೂ ಹಳ್ಳಿಯಲ್ಲಿ ವಿಶೇಷ ಶಿಬಿರ ಮಾಡಬೇಕು. ಇಷ್ಟಾದರೆ ವಿಶ್ವವಿದ್ಯಾಲಯದ ಪ್ರಮಾಣಪತ್ರ. ಗಂಟೆ ತುಂಬಿತೋ ಇಲ್ಲವೋ ಎಂದು ಬರೆದಿಡುವ ಉದ್ದನೆಯ ಪುಸ್ತಕದ ಕೆಳಗೆ ನನ್ನ ಸಹಿ.

ಈ ಕೆಲಸ ಬೇಕೆಂದು ಅರ್ಜಿ ಹಾಕಿದವರನ್ನು ನಾನು ಕಂಡಿಲ್ಲ. ಸೇರಿದ ಎರಡನೇ ವರ್ಷ ಪ್ರಾಂಶುಪಾಲರು ಕರೆದು, "ನಿಮಗಿನ್ನೂ ವಯಸ್ಸಿದೆ, ಓಡಾಡ್ತೀರಿ" ಎಂದು ಕೀಲಿಗೊಂಚಲು ಕೈಗಿಟ್ಟರು. ಬೀರುವಿನದೊಂದು ಕೀಲಿ, ಮೆಟ್ಟಿಲ ಕೆಳಗಿನ ಕತ್ತಲೆ ಕೋಣೆಯದೊಂದು. ಕೋಣೆಯಲ್ಲಿ ಗುದ್ದಲಿ, ಸಲಿಕೆ, ತೂತುಬಿದ್ದ ಪುಟ್ಟಿ, ಹಳೆಯ ಬ್ಯಾನರುಗಳ ಸುರುಳಿ. ಆಗ ನನಗೆ ಸಿಕ್ಕಿದ ತರಬೇತಿ ಅಂದರೆ ಇಷ್ಟೇ: ಯಾವ ಕೀಲಿ ಯಾವುದಕ್ಕೆ ಅನ್ನುವುದು.

ಅರ್ಥಶಾಸ್ತ್ರದವನಾದ್ದರಿಂದ ಒಂದು ಸಂಗತಿ ನನಗೆ ಮೊದಲಿನಿಂದಲೂ ಸೋಜಿಗ. 1969ರ ಸೆಪ್ಟೆಂಬರ್ 24ರಂದು, ಗಾಂಧಿ ಶತಮಾನೋತ್ಸವದ ವರ್ಷ, 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳೊಂದಿಗೆ ಈ ಯೋಜನೆಗೆ ಚಾಲನೆ ಕೊಟ್ಟ ಶಿಕ್ಷಣ ಮಂತ್ರಿ ವಿ.ಕೆ.ಆರ್.ವಿ. ರಾವ್. ಪಕ್ಕದ ಬಳ್ಳಾರಿಯಿಂದ ಲೋಕಸಭೆಗೆ ಹೋದವರು, ಮುಂದೆ ಬೆಂಗಳೂರಿನಲ್ಲಿ ಐಸೆಕ್ ಎಂಬ ಸಂಶೋಧನಾ ಸಂಸ್ಥೆ ಕಟ್ಟಿದವರು. ಎಲ್ಲಕ್ಕಿಂತ ಮೊದಲು, ಭಾರತದ ರಾಷ್ಟ್ರೀಯ ಆದಾಯ ಎಷ್ಟೆಂದು ಕ್ರಮವಾಗಿ ಎಣಿಸಿದವರು. 1931-32ನೇ ಸಾಲಿಗೆ ಅವರು ಹಾಕಿದ ಲೆಕ್ಕ ಕೇಂಬ್ರಿಜ್‌ನಲ್ಲಿ ಅವರಿಗೆ ಡಾಕ್ಟರೇಟ್ ತಂದುಕೊಟ್ಟಿತು. ದೇಶದ ದುಡಿಮೆಯನ್ನೆಲ್ಲ ರೂಪಾಯಿಗೆ ಇಳಿಸಿದ ಮನುಷ್ಯನೇ ರೂಪಾಯಿ ಇಲ್ಲದ ದುಡಿಮೆಗೂ ಒಂದು ಯೋಜನೆ ಹಾಕಿದರು. ಮನೆಯಾಕೆ ಹೊತ್ತು ತರುವ ನೀರು ರಾಷ್ಟ್ರೀಯ ಆದಾಯದಲ್ಲಿ ಸೇರುವುದಿಲ್ಲ ಎಂದು ನಾನು ಪ್ರತಿ ವರ್ಷ ಬಿ.ಎ. ಮಕ್ಕಳಿಗೆ ಹೇಳಿದ್ದೇನೆ. ಐದು ಅಂಕದ ಪ್ರಶ್ನೆ. ಆ ನೀರಿನ ಭಾರ ನನಗೇ ಗೊತ್ತಾದದ್ದು ತಡವಾಗಿ.

ಸೇವೆಯನ್ನು ಕಡ್ಡಾಯ ಮಾಡಬಹುದೇ ಎನ್ನುವ ಜಗಳ ಯೋಜನೆಗಿಂತ ಹಳೆಯದು. 1959ರಲ್ಲಿ ನೇಮಕವಾದ ಸಿ.ಡಿ. ದೇಶಮುಖ್ ಸಮಿತಿ, ಕಾಲೇಜು ಸೇರುವ ಮುಂಚೆ ಪ್ರತಿಯೊಬ್ಬರೂ ಒಂಬತ್ತು ತಿಂಗಳಿಂದ ಒಂದು ವರ್ಷ ದೇಶಸೇವೆ ಮಾಡಲೇಬೇಕು ಅಂದಿತು. ಮರುವರ್ಷ ಕೆ.ಜಿ. ಸಯ್ಯದೈನ್ ಬೇರೆ ದೇಶಗಳ ಪದ್ಧತಿ ನೋಡಿಕೊಂಡು ಬಂದು, ಬೇಡ, ಮನಸ್ಸಿದ್ದವರು ಮಾಡಲಿ ಅಂದರು. ಸಯ್ಯದೈನ್ ಗೆದ್ದರು. ಆದರೂ ಮನಸ್ಸು ಇತ್ತು ಅನ್ನುವುದಕ್ಕೆ ಪುರಾವೆ ಬೇಕಲ್ಲ, ಅದಕ್ಕೇ ಗಂಟೆ. ಎನ್ನೆಸ್ಸೆಸ್ ಬ್ಯಾಡ್ಜಿನಲ್ಲಿ ಕೋನಾರ್ಕದ ರಥದ ಚಕ್ರವಿದೆ. ಅದರ ಎಂಟು ಅರೆಗಳು ದಿನದ ಎಂಟು ಪ್ರಹರ. ಇಪ್ಪತ್ನಾಲ್ಕು ಗಂಟೆಯೂ ಸಿದ್ಧ ಎಂದು ಅರ್ಥ. ಎದೆಯ ಮೇಲೆ ದಿನಕ್ಕೆ ಇಪ್ಪತ್ನಾಲ್ಕು, ಪುಸ್ತಕದಲ್ಲಿ ವರ್ಷಕ್ಕೆ ನೂರಿಪ್ಪತ್ತು.

ಆ ನೂರಿಪ್ಪತ್ತೂ ಎಷ್ಟೋ ಸಲ ತುಂಬುತ್ತಿರಲಿಲ್ಲ, ನಾನು ತುಂಬಿಸುತ್ತಿದ್ದೆ. ಮಾರ್ಚ್ ಬಂತೆಂದರೆ ಬೇರೆ ಬೇರೆ ಬಣ್ಣದ ಪೆನ್ನು ಹಿಡಿದು ಹೋದ ಆಗಸ್ಟಿನ ಶನಿವಾರಗಳನ್ನು ಸೃಷ್ಟಿಸುತ್ತಿದ್ದೆ. ಹತ್ತಿ ಬಿಡಿಸಲು ಹೋಗಿ ಶ್ರಮದಾನಕ್ಕೆ ಬಾರದ ಹುಡುಗಿಯ ಪ್ರಮಾಣಪತ್ರವನ್ನು ನಾನು ಹೇಗೆ ತಡೆಯಲಿ? ಹೊಲದಲ್ಲಿ ಆಕೆ ಬಗ್ಗಿದ್ದು ಶ್ರಮವೇ, ದಾನ ಮಾತ್ರ ಆಗಿರಲಿಲ್ಲ.

ಸಂಸ್ಕೃತದ ನನ್ನ ಸಹೋದ್ಯೋಗಿಯೊಬ್ಬರಿಗೆ ಇದು ತಮಾಷೆಯ ವಸ್ತು. "ನಿಮ್ಮದು ರಾಜಸ ದಾನ" ಅನ್ನುತ್ತಿದ್ದರು. ಗೀತೆಯ ಹದಿನೇಳನೇ ಅಧ್ಯಾಯದ ಮಾತು: ಪ್ರತಿಯಾಗಿ ಏನೂ ಬೇಡದೆ, ತಕ್ಕ ಜಾಗ, ತಕ್ಕ ಹೊತ್ತು, ತಕ್ಕ ಮನುಷ್ಯನನ್ನು ನೋಡಿ ಕೊಟ್ಟದ್ದು ಸಾತ್ವಿಕ, ತಿರುಗಿ ಏನೋ ಬರುತ್ತದೆಂದು ಕೊಟ್ಟದ್ದು ರಾಜಸ. ಪ್ರಮಾಣಪತ್ರ ಬರುತ್ತದೆ, ಆದ್ದರಿಂದ ರಾಜಸ. ನಾನೂ ಬಹಳ ದಿನ ಹಾಗೇ ನಂಬಿದ್ದೆ. ತೊಡಕು ಎಣಿಕೆಯಲ್ಲಿದೆ, ಪುಸ್ತಕ ಸುಟ್ಟರೆ ಸೇವೆ ಶುದ್ಧವಾಗುತ್ತದೆ ಎಂದು. ಈಗ ಹಾಗೆ ಅನ್ನಿಸುವುದಿಲ್ಲ. ಅನ್ನಿಸದಂತೆ ಮಾಡಿದ್ದು ಲಿಂಗಸುಗೂರು ತಾಲ್ಲೂಕಿನ ಒಂದು ಹಳ್ಳಿ.

2009ರ ಫೆಬ್ರುವರಿ. ಬಿಳಿಜೋಳದ ಕಟಾವು ಶುರುವಾಗಿತ್ತು. ಊರಿಗೆ ನಮ್ಮನ್ನು ನೋಡಲು ಪುರುಸೊತ್ತಿರಲಿಲ್ಲ. ಸರ್ಕಾರಿ ಶಾಲೆಯಲ್ಲಿ ಬಿಡಾರ ಹೂಡಿದೆವು. ಕೇರಿಯ ಗಟಾರ ಬಳಿಯುವುದು ಮುಖ್ಯ ಕೆಲಸ. ಮೊದಲ ದಿನ ಮೂಗು ಮುಚ್ಚಿಕೊಂಡ ಮಕ್ಕಳು ಮೂರನೇ ದಿನಕ್ಕೆ ಹಾಡು ಹೇಳುತ್ತ ಕೆಸರು ಎತ್ತುತ್ತಿದ್ದರು. ನಾನು ಫೋಟೋ ತೆಗೆದೆ. ಆಯಿತವಾರ ಒಂದು ದಿನ ಕೆಲಸಕ್ಕೆ ರಜೆ ಕೊಟ್ಟು, ಸಾಕ್ಷರತೆಯ ಜಾಥಾ ಹೊರಡಿಸಿದೆವು. ವರದಿಯಲ್ಲಿ 50 ಜನ, 7 ದಿನ, ದಿನಕ್ಕೆ 6 ಗಂಟೆ, ಒಟ್ಟು 2,100 ಗಂಟೆ ಎಂದು ಬರೆದು, ಫೋಟೋ ಅಂಟಿಸಿ, ಒಂದು ಪ್ರತಿ ವಿಶ್ವವಿದ್ಯಾಲಯಕ್ಕೆ, ಸೌಜನ್ಯಕ್ಕೆಂದು ಇನ್ನೊಂದು ಪ್ರತಿ ಗ್ರಾಮ ಪಂಚಾಯಿತಿಗೆ ಕಳಿಸಿದೆ.

ಸೌಜನ್ಯದ ಆ ಪ್ರತಿ ಏನು ಮಾಡಿತು ಎಂದು ತಿಳಿದದ್ದು ತಿಂಗಳ ಮೇಲೆ, ನಾವು ತೋಡಿದ ಇಂಗುಗುಂಡಿ ನೋಡಲು ಒಬ್ಬನೇ ಹೋದಾಗ. ಪಂಚಾಯಿತಿಯ ದಿನಗೂಲಿ ಮೇಲೆ ಗಟಾರ ಬಳಿಯುತ್ತಿದ್ದ ಹೆಂಗಸು ಅಗಸೆ ಕಟ್ಟೆಯ ಹತ್ತಿರ ತಡೆದು ನಿಲ್ಲಿಸಿದಳು. ಸಿಟ್ಟಿರಲಿಲ್ಲ, ಸುದ್ದಿ ಹೇಳುವ ಹಾಗೆ ಹೇಳಿದಳು: "ನೀವು ಬಂದು ಬಳದು ಹೋದ್ರಿ ಸರ. ಅಷ್ಟೂ ದಿನದ ಪಗಾರ ನಂದು ಹೋತು." ಕಾಲೇಜಿನ ಮಕ್ಕಳು ಮಾಡಿದ ಕೆಲಸಕ್ಕೆ ಈಕೆಗೆ ಯಾಕೆ ಕೂಲಿ ಎಂದು ಯಾರೋ ಲೆಕ್ಕ ಹಿಡಿದಿದ್ದರು. ಪುರಾವೆ ನನ್ನದೇ ಫೋಟೋ.

ಪಂಚಾಯಿತಿಯಲ್ಲಿ ವಾದ ಮಾಡಿದೆ. ಸರಿಹೋಗಲಿಲ್ಲ. ದಿನಕ್ಕೆ 70 ರೂಪಾಯಿ ಆಕೆಯ ಕೂಲಿ. ಏಳು ದಿನಕ್ಕೆ 490. ಐನೂರರ ನೋಟು ತೆಗೆದು ಕೊಟ್ಟೆ, ಇರಲಿ ಇಟ್ಟುಕೊಳ್ಳಮ್ಮ ಎಂದೆ. ಆಕೆ ನೋಟು ತೆಗೆದುಕೊಂಡು ಅಂಗಡಿಗೆ ಹೋಗಿ ಚಿಲ್ಲರೆ ಮಾಡಿಸಿ 80 ರೂಪಾಯಿ ತಂದು ನನ್ನ ಕೈಗಿಟ್ಟಳು. ತಪ್ಪು ಎಣಿಸಿದ್ದೀ ಅಂದೆ. "ಆಯಿತವಾರ ನೀವು ಜಾಥಾ ಮಾಡೀರಿ, ಗಟಾರ ಬಳದಿಲ್ಲ. ಅವತ್ತಿಂದು ನಾನ ಮಾಡೀನಿ. ಅದರ ರೊಕ್ಕ ನನಗ ಬಂದೈತಿ" ಅಂದಳು. ಆರು ಎಪ್ಪತ್ತಲೆ ನಾನೂರಿಪ್ಪತ್ತು. 2,100 ಗಂಟೆ ಎಂದು ಬರೆಯುವಾಗ ಜಾಥಾದ ಆರು ತಾಸನ್ನೂ ಶ್ರಮದಾನಕ್ಕೇ ಸೇರಿಸಿದ್ದ ನನ್ನ ಎದುರು, ಓದು ಬರಹ ಇಲ್ಲದ ಆಕೆಯ ಲೆಕ್ಕ ಒಂದು ದಿನವೂ ಆಚೀಚೆ ಆಗಿರಲಿಲ್ಲ.

ಇದನ್ನು ಕಾಲೇಜಿನಲ್ಲಿ ಹೇಳಿದಾಗ ಹುಡುಗನೊಬ್ಬ, ಶಿಬಿರದಲ್ಲಿ ಗಟಾರದ ಕೆಲಸಕ್ಕೆ ಮಾತ್ರ ಏನಾದರೂ ನೆಪ ಹೇಳಿ ಅಡುಗೆಮನೆ ಸೇರುತ್ತಿದ್ದವನು, ಎಲ್ಲರೂ ಹೋದ ಮೇಲೆ ನಿಂತು ಕೇಳಿದ: "ನಮ್ಮವ್ವನೂ ಅದನ್ನ ಮಾಡತಾಳ್ರಿ ಸರ, ದಿನಾ. ಆಕಿ ಮಾಡಿದ್ರ ಕೂಲಿ, ನಾವು ಮಾಡಿದ್ರ ಸೇವಾ. ಅದು ಹೆಂಗ?"

ನಾನು ಗಾಂಧಿಯ ಹೆಸರು ಹೇಳಲು ಬಾಯಿ ತೆರೆದೆ. ತಮ್ಮ ಪಾಯಿಖಾನೆ ತಾವೇ ತೊಳೆದ ಮಹಾತ್ಮ ಇತ್ಯಾದಿ. ಅಷ್ಟರಲ್ಲಿ ಅಂಬೇಡ್ಕರ್ ನೆನಪಾದರು. ಜಾಡಮಾಲಿಯ ಕೆಲಸವನ್ನು ಪವಿತ್ರವೆಂದು ಹೊಗಳುವುದೇ ಆ ಜನರನ್ನು ಅಲ್ಲೇ ಕಟ್ಟಿಹಾಕುವ ಹಗ್ಗ ಎಂದು 1945ರಲ್ಲೇ ಅವರು ಕಟುವಾಗಿ ಬರೆದಿದ್ದರು. ಹುಡುಗನ ಪ್ರಶ್ನೆ ಅದೇ, ಹದಿನೆಂಟು ವರ್ಷದ ಬಾಯಲ್ಲಿ. ನನ್ನಲ್ಲಿ ಉತ್ತರ ಇರಲಿಲ್ಲ. ಇಂದಿಗೂ ಪೂರ್ತಿ ಇಲ್ಲ.

ಆ ಶಿಬಿರದ ಇನ್ನೊಂದು ದೃಶ್ಯ ಹೇಳಬೇಕು. ಕೊನೆಯ ದಿನ ಬೆಳಗಿನ ಜಾವ ನಾಲ್ಕೂವರೆಗೆ ಎಚ್ಚರವಾಯಿತು. ಶಾಲೆಯ ಹಿಂದೆ ಸ್ಟೀಲಿನ ಸದ್ದು. ಹೋಗಿ ನೋಡಿದರೆ ಏಳೆಂಟು ಹೆಂಗಸರು, ತಲೆಯ ಮೇಲೊಂದು ಕಂಕುಳಲ್ಲೊಂದು ಕೊಡ, ಶಾಲೆಯ ಟಾಕಿಗೆ ನೀರು ಸುರಿಯುತ್ತಿದ್ದಾರೆ. ಬೋರಿಗೆ ಕರೆಂಟು ಬರುತ್ತಿದ್ದದ್ದು ರಾತ್ರಿ ಮಾತ್ರ; ಬೋರು ಇದ್ದದ್ದು ಊರಾಚೆ ಹೊಲದಲ್ಲಿ. ಓಣಿಗೊಂದು ದಿನ ಎಂದು ತಮ್ಮಲ್ಲೇ ಪಾಳಿ ಹಚ್ಚಿಕೊಂಡಿದ್ದರು. ಟಾಕಿ ತುಂಬಲು ಎಂಬತ್ತು ಕೊಡ ಬೇಕು. ಐವತ್ತು ಮಂದಿ ಕಾಲೇಜು ಮಕ್ಕಳು ಗಟಾರ ಬಳಿದು ಬಂದು ಸೋಪು ಹಚ್ಚಿ ಎರಡೆರಡು ಸಲ ಮೈ ತೊಳೆದ ನೀರು ಅದು. ನೀರುಗಂಟಿ ಬಿಡುತ್ತಾನೆ ಅಂದುಕೊಂಡು ನಾನು ಆರು ದಿನ ನಿದ್ದೆ ಮಾಡಿದ್ದೆ. "ನಮ್ಮನ್ನ ಯಾಕೆ ಎಬ್ಬಿಸಲಿಲ್ಲ ತಾಯಿ?" ಅಂದೆ. "ಬಂದ ಮಂದಿ, ಹೆಂಗ ಎಬ್ಬಸೂದು?" ಅಂದಳು ಒಬ್ಬಾಕೆ. ಮುಂದಿನ ಮಾತು ತಮ್ಮೊಳಗೇ ಆಡಿಕೊಂಡದ್ದು, ನನಗೆ ಕೇಳಿಸಿತು: ಹೋದ ವರ್ಷ ಬಂದವರು ಇನ್ನೂ ಹೆಚ್ಚು ನೀರು ಖರ್ಚು ಮಾಡಿದ್ದರಂತೆ.

ಯೋಜನೆ ಶುರುವಾಗುವ ಒಂದು ವರ್ಷ ಮುಂಚೆ, 1968ರ ಏಪ್ರಿಲ್‌ನಲ್ಲಿ, ಮೆಕ್ಸಿಕೋದ ಕ್ವೆರ್ನವಾಕಾ ಪಟ್ಟಣದಲ್ಲಿ ಇವಾನ್ ಇಲಿಚ್ ಎಂಬ ಕ್ಯಾಥೊಲಿಕ್ ಪಾದ್ರಿ, ಬೇಸಿಗೆ ರಜೆಯಲ್ಲಿ ಮೆಕ್ಸಿಕೋದ ಹಳ್ಳಿಗಳಿಗೆ ಸೇವೆಗೆ ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳ ಎದುರು ಮಾತಾಡಿದ. ನೋಡಲು ಬನ್ನಿ, ಕಲಿಯಲು ಬನ್ನಿ, ನಮ್ಮ ಬೆಟ್ಟ ಹತ್ತಲು ಬನ್ನಿ, ಉದ್ಧಾರ ಮಾಡಲು ಮಾತ್ರ ಬರಬೇಡಿ ಎನ್ನುವುದು ಅವನ ಮಾತಿನ ಸಾರ. ಆ ಭಾಷಣ ನನ್ನ ಕೈಗೆ ಸಿಕ್ಕಿದಾಗ ಮೊದಲು ಸಿಟ್ಟು ಬಂತು. ನಮ್ಮ ಮಕ್ಕಳು ಅಮೆರಿಕದವರಲ್ಲ. ಅರ್ಧ ಮಂದಿ ಇಂಥದೇ ಹಳ್ಳಿಯಿಂದ ಬಸ್ ಪಾಸ್ ಹಿಡಿದು ಬರುವವರು. ಆದರೆ ಬೋರಿನ ನೀರಿನ ವಿಷಯದಲ್ಲಿ ಇಲಿಚ್ ಹೇಳಿದ್ದಕ್ಕೆ ನಾನು ಏನನ್ನೂ ಎದುರು ಹೇಳಲಾರೆ. ಹಾಗೆಂದು ಶಿಬಿರವೇ ಬೇಡ ಅನ್ನಲೂ ಮನಸ್ಸಾಗಲಿಲ್ಲ. ಕೇರಿಯೊಳಗೆ ಕಾಲಿಡದೆ ಬೆಳೆದ ಹುಡುಗಿಯೊಬ್ಬಳು ನಾಲ್ಕನೇ ದಿನ ಅಲ್ಲಿಯ ಒಲೆಯ ಮುಂದೆ ಕೂತು ಪುಂಡಿಪಲ್ಯ ರೊಟ್ಟಿ ತಿಂದದ್ದನ್ನು ನಾನು ಕಂಡಿದ್ದೇನೆ. ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕೋ ಗೊತ್ತಿಲ್ಲ.

ಸಂಸ್ಕೃತದ ಗೆಳೆಯರ ಹತ್ತಿರ ಮತ್ತೆ ಹೋದೆ. ಈ ಸಲ ಅವರು ತಮಾಷೆ ಮಾಡಲಿಲ್ಲ. ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿ ತೆಗೆದರು. ಓದು ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಗುರು ಹೇಳುವ ಬುದ್ಧಿಮಾತು. ಘಟಿಕೋತ್ಸವಗಳಲ್ಲಿ ಗೌನು ಹಾಕಿಕೊಂಡು ಓದುತ್ತೇವಲ್ಲ, ಅದೇ. ಸತ್ಯ, ಧರ್ಮ, ತಾಯಿ, ತಂದೆ ಎಲ್ಲ ನಮಗೆ ಬಾಯಿಪಾಠ. ಕೊಡುವುದರ ಬಗ್ಗೆ ಹೇಳಿದ್ದನ್ನು ನಾನು ಕಿವಿಗೊಟ್ಟು ಕೇಳಿರಲಿಲ್ಲ. ಶ್ರದ್ಧೆಯಿಂದ ಕೊಡು ಎಂದ ಮೇಲೆ ಗುರು ನಾಚಿಕೆಯನ್ನೂ ಅಂಜಿಕೆಯನ್ನೂ ಸೇರಿಸುತ್ತಾನೆ. ಕೊಡುವವನು ಯಾಕೆ ಅಂಜಬೇಕು, ಯಾಕೆ ನಾಚಬೇಕು? ಪಡೆಯುವವರು ನಾಚುವುದನ್ನು ಕಂಡಿದ್ದೇವೆ. ರೇಷನ್ ಅಂಗಡಿಯಿಂದ ಸ್ಕಾಲರ್‌ಶಿಪ್ ಕೌಂಟರಿನ ತನಕ ನಾಡಿನ ಎಲ್ಲ ಸಾಲುಗಳೂ ಅವರನ್ನು ನಾಚಿಸುವುದಕ್ಕೇ ಇದ್ದಂತಿವೆ. ಉಪನಿಷತ್ತು ಆ ನಾಚಿಕೆಯನ್ನು ಎತ್ತಿ ಈ ಕಡೆಯವನ ತಲೆಗೆ ಹೊರಿಸುತ್ತದೆ. ಗುರುವಿನ ಆ ಮಾತಿನ ಕೊನೆಯ ಪದಕ್ಕೆ ಶಂಕರರು ಮೈತ್ರಿಯ ಅರ್ಥ ಹೇಳಿದ್ದಾರೆ ಎಂದೂ ಗೆಳೆಯರು ಸೇರಿಸಿದರು. ಅದು ನನಗೆ ಆಗ ತಲೆಗೆ ಹೋಗಲಿಲ್ಲ.

ನನಗೆ ದಾರಿ ಕಂಡದ್ದು ಉಪನಿಷತ್ತಿಗಿಂತ ಹತ್ತಿರದ ಕಡೆ, ನಾವು ಶಿಬಿರ ಮಾಡಿದ ತಾಲ್ಲೂಕಿನಲ್ಲೇ ಇರುವ ಅಮರೇಶ್ವರದಲ್ಲಿ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಅಲ್ಲಿಯವರು. ಹನ್ನೆರಡನೇ ಶತಮಾನ, ಕಲ್ಯಾಣಕ್ಕೆ ಹೋಗಿ, ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಹಿಗ್ಗಲಿಲ್ಲ. ಹೆಚ್ಚಿನದನ್ನು ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಎಂದು ಗಂಡನನ್ನು ತಿರುಗಿ ಕಳಿಸಿದಳು. ಶಾಲೆಯ ಪುಸ್ತಕದಲ್ಲಿ ಇದು ಅತಿಯಾಸೆ ಬೇಡ ಅನ್ನುವ ಪಾಠ. ನಾನೂ ಹಾಗೇ ಓದಿ, ಹಾಗೇ ಮರೆತಿದ್ದೆ. ಎಂಬತ್ತು ರೂಪಾಯಿ ಅಂಗೈಯಲ್ಲಿಟ್ಟ ಆ ಹೆಂಗಸನ್ನು ಕಂಡ ಮೇಲೆ ಬೇರೊಂದು ಕಂಡಿತು. ಲಕ್ಕಮ್ಮನೂ ಎಣಿಸುತ್ತಾಳೆ! ಇವತ್ತಿನದು ನಿನ್ನೆಯದಕ್ಕಿಂತ ಹೆಚ್ಚು ಎಂದು ತಿಳಿಯಬೇಕಾದರೆ ಅಳತೆ ಗೊತ್ತಿರಲೇಬೇಕು. ಭಕ್ತಿಗೆ ಲೆಕ್ಕ ಆಗಿಬರುವುದಿಲ್ಲ ಅನ್ನುವುದು ನಮ್ಮಂಥ ಸಂಬಳದವರ ಮಾತು. ಆದರೆ ಆಕೆಯ ಲೆಕ್ಕವೆಲ್ಲ ತಗೊಂಡದ್ದರ ಮೇಲೆ. ಎಷ್ಟು ಜಂಗಮರಿಗೆ ಉಣಿಸಿದೆ ಎಂದು ಎಣಿಸಿದವಳಲ್ಲ. ಅಂಗಳದಿಂದ ಎಷ್ಟು ಅಕ್ಕಿ ಎತ್ತಿದೆವು ಎಂದು ನೋಡಿದವಳು. ನನ್ನ ಪುಸ್ತಕದಲ್ಲಿ ಇದ್ದದ್ದೆಲ್ಲ ಕೊಟ್ಟದ್ದು. ತಗೊಂಡದ್ದಕ್ಕೆ ಕಾಲಮ್ಮೇ ಇರಲಿಲ್ಲ.

ಮುಂದಿನ ವರ್ಷದ ಶಿಬಿರಕ್ಕೆ ಇನ್ನೂರು ಪುಟದ ನೋಟ್‌ಬುಕ್ ಒಂದನ್ನು ಹೆಚ್ಚಿಗೆ ತಂದೆ. ಊರಿನಿಂದ ನಾವು ಏನು ತಗೊಂಡೆವೋ ಅದನ್ನು ದಿನಾ ರಾತ್ರಿ ಒಬ್ಬರು ಬರೆಯಬೇಕು. ಮಕ್ಕಳಿಗೆ ಇದು ನಗೆಪಾಟಲು. ಮೊದಲ ರಾತ್ರಿ ಯಾರೋ, ಗಾಳಿ, ಬೇಕಾದಷ್ಟು. ಬೆಳದಿಂಗಳು, ಸಾಕಷ್ಟು ಎಂದು ಬರೆದಿಟ್ಟಿದ್ದರು. ನಾನು ಗದರಲಿಲ್ಲ. ಎರಡನೇ ದಿನಕ್ಕೆ ನೀರು, 76 ಕೊಡ. ಈ ಸಲ ಅರ್ಧ ನಾವೇ ಹೊತ್ತದ್ದು ಎಂದು ಬೇರೆ ಅಕ್ಷರದಲ್ಲಿ ತಿದ್ದುಪಡಿ. ಮೂರನೇ ದಿನ: ರೊಟ್ಟಿ 31, ಶೇಂಗಾ ಹಿಂಡಿ ಒಂದು ಡಬ್ಬಿ, ಅಗಸೆ ಪಕ್ಕದ ಮನೆ. ನಾಲ್ಕನೇ ದಿನ: ಶಾಲೆಯ ಮಕ್ಕಳ ಎರಡು ಕೋಣೆ, ಅವರು ಗಿಡದ ಕೆಳಗೆ ಕೂತರು. ಇದನ್ನು ಓದಿದಾಗ ನನಗೇ ಚುರ್ ಅಂದಿತು. ವರ್ಷವೂ ಮಾಡುತ್ತಿದ್ದುದು, ನಾವು ಬಂದ ಕೂಡಲೇ ಐದನೇ ಆರನೇ ತರಗತಿ ಬೇವಿನ ಗಿಡದ ಬುಡಕ್ಕೆ. ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ ಅಂತಲ್ಲ, ಬಿದ್ದರೂ ಲೆಕ್ಕಕ್ಕೆ ಬಂದಿರಲಿಲ್ಲ. ಐದನೇ ದಿನ, ಕೂಲಿಯವರ ಕೆಲಸ ಯಾವುದಾದರೂ ನಾವು ಮಾಡಿದ್ದೇವೋ ಎಂದು ಪ್ರಶ್ನೆ ಬರೆದು ಹುಡುಗಿಯೊಬ್ಬಳು ಉತ್ತರಕ್ಕೆ ಜಾಗ ಬಿಟ್ಟಿದ್ದಳು.

ಲೆಕ್ಕ ತಪಾಸಣೆಗೆ ಬಂದವರೊಬ್ಬರು ಆ ನೋಟ್‌ಬುಕ್ ತಿರುವಿ, ಇದು ಯಾವ ಹೆಡ್ಡಿಗೆ ಬರುತ್ತದೆ ಎಂದು ಕೇಳಿದರು. ಯಾವ ಹೆಡ್ಡಿಗೂ ಬರುವುದಿಲ್ಲ ಅಂದೆ. ಹಾಗಾದರೆ ತೋರಿಸಬೇಡಿ ಅಂದರು. ಒಳ್ಳೆಯ ಮನುಷ್ಯ.

ಕೊನೆಗೆ ಚಾರ್ಜು ಬಿಟ್ಟುಕೊಡುವಾಗ ಮೆಟ್ಟಿಲ ಕೆಳಗಿನ ಕೋಣೆ ಖಾಲಿ ಮಾಡಿದೆವು. ಬ್ಯಾನರುಗಳ ಹಿಂದೆ ಒಂದು ಸ್ಟೀಲ್ ಕೊಡ. ಕಾಲೇಜಿನದಲ್ಲ. ಕಂಠದ ಸುತ್ತ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಹೆಂಗಸಿನ ಹೆಸರು, ತವರೂರು, ಮದುವೆಯ ತಾರೀಖು. ನೋಟ್‌ಬುಕ್ ತೆಗೆದು ಹಿಂದಕ್ಕೆ ಹೋಗುತ್ತ ಹೋದೆ. ನಾಲ್ಕು ವರ್ಷ ಹಿಂದಿನ ಶಿಬಿರದ ಕೊನೆಯ ಪುಟದಲ್ಲಿ ಸಿಕ್ಕಿತು: ಕೊಡ 1, ವಾಪಸು ಕೊಡಬೇಕು. ಬಿಡಾರ ಎತ್ತುವ ಗಡಿಬಿಡಿಯಲ್ಲಿ ನಮ್ಮ ಸಾಮಾನಿನ ಜೊತೆ ಟೆಂಪೋ ಹತ್ತಿಬಿಟ್ಟಿತ್ತು. ತವರಿನವರು ಕೊಟ್ಟ ಕೊಡವನ್ನು ಮರೆಯುವ ಹೆಂಗಸುಂಟೇ? ನಾಲ್ಕು ವರ್ಷ ಯಾರಿಗೂ ಫೋನು ಮಾಡಿ ಕೇಳಿರಲಿಲ್ಲ.

ಮನೆಗೆ ತಂದು ಹುಣಸೆಹಣ್ಣು ಹಚ್ಚಿ ತೊಳೆದಿಟ್ಟೆ. ಬೆಳಿಗ್ಗೆ ಹೊರಟಾಗ ನನ್ನ ಹೆಂಡತಿ ತಡೆದಳು. ಇಸಗೊಂಡ ಪಾತ್ರೆ ಬರಿದು ಮಾಡಿ ತಿರುಗಿ ಕೊಡಬಾರದು. ಒಳಗೆ ಏನಾದರೂ ಇರಬೇಕು. ಅಕ್ಕಿ ಹಾಕಲೇ ಅಂದಳು. ಅಕ್ಕಿ ಬೇಡ ಅಂದೆ. ಯಾಕೆ ಅಂದಳು. ಬಿಡಿಸಿ ಹೇಳಲು ಬಸ್ಸಿಗೆ ಹೊತ್ತಾಗಿತ್ತು. ಒಂದು ಅಚ್ಚು ಬೆಲ್ಲ ಹಾಕಿ ಬಟ್ಟೆ ಕಟ್ಟಿದಳು.

ಬಸ್ಸಿನಲ್ಲಿ ಕೊಡ ತೊಡೆಯ ಮೇಲೆ. ಕಂಡಕ್ಟರು ಒಮ್ಮೆ ನನ್ನ ಪ್ಯಾಂಟು ಶರ್ಟು, ಒಮ್ಮೆ ಕೊಡ ನೋಡಿ, ಏನೂ ಕೇಳದೆ ಮುಂದೆ ಹೋದ. ಊರಿನಲ್ಲಿ ಆಕೆ ಅಂಗಳದಲ್ಲೇ ಇದ್ದಳು, ಶೇಂಗಾ ಒಣಹಾಕಿ ಕೋಳಿ ಕಾಯುತ್ತ. ನನ್ನ ಗುರುತು ಹತ್ತಲಿಲ್ಲ, ಕೊಡದ ಗುರುತು ಹತ್ತಿತು. ಕಂಠದ ಮೇಲೆ ಬೆರಳಾಡಿಸಿ ನೋಡಿ, ಬಟ್ಟೆ ಬಿಚ್ಚಿ, ಬೆಲ್ಲ ಕಂಡು, "ಇದ್ಯಾಕ್ರಿ ಸರ" ಅಂದಳು. ನಾನು ತಡವಾದದ್ದಕ್ಕೆ ಏನೇನೋ ಹೇಳುತ್ತಿದ್ದೆ. ಆಕೆ ಕೇಳಿಸಿಕೊಳ್ಳುತ್ತಲೇ ಒಳಗೆ ಹೋಗಿ ಚೀಲ ತಂದು, ಒಣಹಾಕಿದ್ದ ಶೇಂಗಾವನ್ನು ಎರಡೂ ಕೈಯಿಂದ ಬಾಚಿ ತುಂಬತೊಡಗಿದಳು. ಬೇಡಮ್ಮಾ, ಇದು ಲೆಕ್ಕ ತೀರಿಸಲು ಬಂದದ್ದು ಅಂದೆ. "ಬೆಲ್ಲ ತಂದವ್ರನ್ನ ಬರಿಗೈಲೆ ಕಳಸೂದೇನ್ರಿ?" ಎಂದು ಇನ್ನೊಂದು ಬೊಗಸೆ ಹಾಕಿ ಬಾಯಿ ಕಟ್ಟಿದಳು.

ತಿರುಗಿ ಬರುವಾಗ ನೋಟ್‌ಬುಕ್ ಕೈಚೀಲದಲ್ಲೇ ಇತ್ತು. ಕೊಡ 1 ಎಂಬಲ್ಲಿ ಒಂದು ಗೀಟು ಎಳೆದು, ಅದರ ಕೆಳಗೆ ಬಸ್ಸಿನ ಕುಲುಕಾಟದಲ್ಲಿ ಬರೆದೆ: ಶೇಂಗಾ, ಅಂದಾಜು 2 ಸೇರು.